ಕಾರು ಮಾರುವ ಹುಡುಗರನ್ನು ಮೊದಲು ಸರ್ವಿಸ್ ವಿಭಾಗಕ್ಕೆ ಕಳುಹಿಸಿ

ಮಾನ್ಯ ಸಂಪಾದಕರಿಗೆ,

ಕಾರು ಮಾರಾಟದ ಕೆಲಸಕ್ಕೆ ಸೇರಬೇಕೆಂದಿರುವ ಯುವಕ ಯುವತಿಯರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಮಾತು ಚೆನ್ನಾಗಿ ಬಂದರೆ ಸಾಕು, ಉಳಿದದ್ದನ್ನು ತರಬೇತಿಯಲ್ಲಿ ಹೇಳಿಕೊಡುತ್ತಾರೆ. 22 ವರ್ಷ ಶೋರೂಮಿನಲ್ಲಿ ನಿಂತು ಕಾರು ಮಾರಿ, ಅದರಲ್ಲಿ ಕೊನೆಯ 6 ವರ್ಷ ಹೊಸಬರಿಗೆ ಪಾಠವನ್ನೂ ಹೇಳಿದ ನನಗೆ ಈ ಸಲಹೆ ತಲೆಕೆಳಗಾಗಿ ಕಾಣುತ್ತದೆ. ಮಾತನ್ನು 15 ದಿನಗಳಲ್ಲಿ ಕಲಿಸಬಹುದು, ಕಲಿಸುತ್ತಲೂ ಇದ್ದೇವೆ. ಆದರೆ ಮಾರಿದ ಕಾರು ಕೊಂಡವರ ಕೈಯಲ್ಲಿ ಹೇಗೆ ಬಾಳುತ್ತದೆ ಎಂಬುದನ್ನು ಆ 15 ದಿನಗಳಲ್ಲಿ ಯಾರೂ ಕಲಿಸುವುದಿಲ್ಲ. ಈ ಕಸುಬು ನಿಂತಿರುವುದು ಅದರ ಮೇಲೆಯೇ ಎಂಬುದು ನನಗೆ ಅರ್ಥವಾಗಲು ಹಲವು ವರ್ಷ ಬೇಕಾಯಿತು.

ಮಾತನ್ನು ಬಾಯಿಪಾಠ ಮಾಡಿಸಿ ಮಾರಾಟಕ್ಕೆ ಕಳುಹಿಸುವ ಪದ್ಧತಿ ಹೊಸದೇನಲ್ಲ. ಅಮೆರಿಕದ ಡೇಟನ್ ನಗರದಲ್ಲಿ ಅಂಗಡಿಗಳ ನಗದು ಯಂತ್ರ ತಯಾರಿಸುತ್ತಿದ್ದ ಜಾನ್ ಪ್ಯಾಟರ್ಸನ್ ಎಂಬ ಉದ್ಯಮಿ 1890ರ ದಶಕದಲ್ಲೇ ತನ್ನ ಮಾರಾಟಗಾರರಿಗೆಂದು ಶಾಲೆ ತೆರೆದು, ಗಿರಾಕಿಯ ಮುಂದೆ ಆಡಬೇಕಾದ ಮಾತುಗಳನ್ನು ಅಚ್ಚುಹಾಕಿಸಿ ಕಂಠಪಾಠ ಮಾಡಿಸುತ್ತಿದ್ದ. ಇಂದಿನ ಕಾರು ಮಾರಾಟದ ತರಬೇತಿಯೂ ಅದೇ ವಂಶದ್ದು. ಸ್ವಾಗತ, ವಿಚಾರಣೆ, ಬಾನೆಟ್‌ನಿಂದ ಡಿಕ್ಕಿಯವರೆಗೆ ಕಾರಿನ ಸುತ್ತ ಕರೆದೊಯ್ದು ವಿವರಿಸುವುದು, ಟೆಸ್ಟ್ ಡ್ರೈವ್, ಹಳೆಯ ಕಾರಿನ ಎಕ್ಸ್‌ಚೇಂಜ್, ಸಾಲ, ಬುಕಿಂಗ್, ಡೆಲಿವರಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಎಲ್ಲವನ್ನೂ ಬರೆದಿಟ್ಟಿರುತ್ತಾರೆ. ಇದನ್ನು ನಾನು ಹಳಿಯುತ್ತಿಲ್ಲ. ಮೊದಲ ವಾರ ಗಿರಾಕಿಯ ಮುಂದೆ ನಿಂತಾಗ ನಾಲಿಗೆ ಒಣಗುವ ಹುಡುಗನಿಗೆ ಮುಂದೇನು ಹೇಳಬೇಕೆಂಬುದು ಗೊತ್ತಿದ್ದರೆ ಅದು ದೊಡ್ಡ ಆಸರೆ. ತೊಂದರೆ ಶುರುವಾಗುವುದು ಮೆಟ್ಟಿಲುಗಳ ಪಟ್ಟಿಯನ್ನೇ ಕಸುಬೆಂದು ನಂಬಿದಾಗ.

ನಾನೂ ಹಾಗೆ ನಂಬಿದ್ದೆ. ಸೇರಿದ ಎರಡನೆಯ ತಿಂಗಳಲ್ಲಿ ವಯಸ್ಸಾದ ದಂಪತಿಗಳಿಗೆ ಎತ್ತರದ ಎಸ್‌ಯುವಿಯೊಂದನ್ನು ತೋರಿಸುತ್ತ ಎಂಜಿನ್ನಿನ ಶಕ್ತಿ, ಸನ್‌ರೂಫ್, ಟಚ್‌ಸ್ಕ್ರೀನ್ ಎಂದು ಅರ್ಧ ಗಂಟೆ ವರ್ಣಿಸಿದ್ದೆ. ಪಕ್ಕದ ಮೇಜಿನಲ್ಲಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಎದ್ದು ಬಂದು, "ಅಮ್ಮಾ, ಒಂದು ಸಲ ಹತ್ತಿ ಕೂತು ಇಳಿದು ನೋಡ್ತೀರಾ?" ಎಂದು ಕೇಳಿದರು. ಆ ತಾಯಿ ಬಾಗಿಲಿನ ಹಿಡಿಯನ್ನು ಎರಡೂ ಕೈಗಳಿಂದ ಹಿಡಿದು, ಮಂಡಿ ನೋವಿಗೆ ತುಟಿ ಕಚ್ಚಿ ಹತ್ತಿದ್ದನ್ನು ನೋಡಿದ ಮೇಲೆ ನನ್ನ ವರ್ಣನೆಗೆ ಅರ್ಥವೇ ಉಳಿಯಲಿಲ್ಲ. ಕೊನೆಗೆ ಅವರು ಕೊಂಡದ್ದು, ಸೀಟು ಸೊಂಟದ ಮಟ್ಟಕ್ಕಿದ್ದು ಹತ್ತುವ ಶ್ರಮವೂ ಇಲ್ಲದೆ ಕುಸಿದು ಕೂರುವ ಕಷ್ಟವೂ ಇಲ್ಲದೆ ಜಾರಿ ಕುಳಿತುಕೊಳ್ಳಬಹುದಾದ, ನನ್ನ ಪಟ್ಟಿಯಲ್ಲಿ ಎಲ್ಲೂ ಇರದಿದ್ದ ಒಂದು ಸಾಧಾರಣ ಕಾರು. ಸೀಟಿನ ಎತ್ತರ ಬ್ರೋಷರ್‌ನ ಮೊದಲ ಪುಟಕ್ಕೆ ಬರುವ ಸಂಗತಿಯಲ್ಲ. ಮಂಡಿ ನೋವಿರುವವರಿಗೆ ಅದೇ ಮೊದಲ ಪುಟ.

ಇದಕ್ಕಿಂತ ದುಬಾರಿಯಾದ ಪಾಠವೊಂದಿದೆ, ಅದರ ಬೆಲೆಯನ್ನು ತೆತ್ತದ್ದು ನಾನಲ್ಲ, ಗಿರಾಕಿ. ಮಕ್ಕಳನ್ನು ಶಾಲೆಗೆ ಬಿಟ್ಟು ಬರಲು, ಅಂದರೆ ದಿನಕ್ಕೆ ನಾಲ್ಕೈದು ಸಲ ಎರಡು ಮೂರು ಕಿಲೋಮೀಟರ್ ಓಡಿಸಲು ಕಾರು ಬೇಕೆಂದು ಬಂದವರಿಗೆ, ಮೈಲೇಜ್ ಚೆನ್ನಾಗಿದೆ ಎಂದು ಡೀಸೆಲ್ ಕಾರನ್ನು ಒಪ್ಪಿಸಿದೆ. ಕೆಲವೇ ತಿಂಗಳಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತಿ ಕಾರು ಸರ್ವಿಸ್‌ಗೆ ಬಂತು, ಮತ್ತೆ ಮತ್ತೆ ಬಂತು. ಹೊಸ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರ್ ಒಂದಿರುತ್ತದೆ. ಹಿಡಿದಿಟ್ಟ ಮಸಿ ಸುಟ್ಟುಹೋಗಬೇಕಾದರೆ ಅದು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು, ಹಾಗೆ ಕಾಯಬೇಕಾದರೆ ಗಾಡಿ ಒಂದಷ್ಟು ಹೊತ್ತು ಒಂದೇ ಸಮನೆ ವೇಗವಾಗಿ ಓಡಬೇಕು. ಎಂಜಿನ್ ಬಿಸಿಯಾಗುವಷ್ಟರಲ್ಲಿ ಶಾಲೆ ಬಂದುಬಿಡುವ ದಾರಿಯಲ್ಲಿ ಮಸಿ ಸುಡುವುದಿಲ್ಲ, ತುಂಬುತ್ತದೆ. ಇದನ್ನು ನನಗೆ ವಿವರಿಸಿದ್ದು ತರಬೇತುದಾರರಲ್ಲ, ಕೈಗೆಲ್ಲ ಗ್ರೀಸ್ ಮೆತ್ತಿಕೊಂಡಿದ್ದ ಮೆಕ್ಯಾನಿಕ್. "ನೀವು ಮಾರೋವಾಗ ಒಂದು ಮಾತು ಕೇಳಿದ್ರೆ ನಮಗೆ ಈ ಕೆಲಸ ಇರ್ತಿರಲಿಲ್ಲ ಸಾರ್" ಎಂದು ಆತ ನಗುತ್ತಲೇ ಹೇಳಿದ್ದರು. ಆ ಗಿರಾಕಿ ಮತ್ತೆಂದೂ ನನ್ನ ಬಳಿ ಕಾರು ಕೊಳ್ಳಲಿಲ್ಲ. ಎಲೆಕ್ಟ್ರಿಕ್ ಕಾರುಗಳು ಬಂದ ಮೇಲಂತೂ ಇಂಥ ಪ್ರಶ್ನೆಗಳು ಹೆಚ್ಚಿವೆ: ರಾತ್ರಿ ಕಾರು ನಿಲ್ಲುವ ಜಾಗದಲ್ಲಿ ಪ್ಲಗ್ ಇದೆಯೇ ಎಂದು ಕೇಳದೆ ರೇಂಜ್ ಬಗ್ಗೆ, ಅಂದರೆ ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ ಎಂಬ ಬಗ್ಗೆ, ಮಾತಾಡುವವರನ್ನು ಈಗಲೂ ನೋಡುತ್ತೇನೆ. ಹೆದ್ದಾರಿಯ ವೇಗದಲ್ಲಿ, ಕೊರೆವ ಚಳಿಯಲ್ಲಿ ಆ ರೇಂಜ್ ಇಳಿಯುತ್ತದೆ ಎಂಬುದನ್ನು ಹೇಳುವವರು ಇನ್ನೂ ಕಡಿಮೆ.

ಸಾಲದ ಲೆಕ್ಕದ ಕಥೆ ಬೇರೆ. ಇಲ್ಲಿ ಹೊಸಬರಿಗೆ ಕಲಿಸುವುದು ಕಂತಿನ ಮೊತ್ತವನ್ನು ಹೇಳುವುದಕ್ಕೆ ಮಾತ್ರ, ಅದು ಹೇಗೆ ಬಂತೆಂದು ಹೇಳುವುದಕ್ಕಲ್ಲ. 5 ವರ್ಷದ ಸಾಲಕ್ಕೆ ಶೇ 7ರ ಫ್ಲ್ಯಾಟ್ ಬಡ್ಡಿ ಎಂದರೆ ಕೇಳಲು ಹಗುರ. 100ಕ್ಕೆ 5 ವರ್ಷದಲ್ಲಿ 35 ಬಡ್ಡಿ ಸೇರಿ 135 ಆಗುತ್ತದೆ, 60 ಕಂತಿಗೆ ಹಂಚಿದರೆ ತಿಂಗಳಿಗೆ 2.25. ಆದರೆ ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿ ಮಾತ್ರ ಮೊದಲ ದಿನದ 100ರ ಮೇಲೆಯೇ ಬೀಳುತ್ತಿರುತ್ತದೆ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಲೆಕ್ಕದಲ್ಲಿ ನೋಡಿದರೆ ಇದೇ ಕಂತು ಹೆಚ್ಚುಕಡಿಮೆ ಶೇ 12.5ರ ಬಡ್ಡಿಗೆ ಸಮ. ನನ್ನ ತರಗತಿಗೆ ಬಂದ ಪದವೀಧರರಲ್ಲಿ ಬಹುತೇಕರು ಈ ಲೆಕ್ಕವನ್ನು ಮೊದಲ ಸಲ ಮಾಡಿ ನೋಡಿದಾಗ ಎಲ್ಲೋ ತಪ್ಪಾಗಿದೆ ಎಂದುಕೊಂಡು ಇನ್ನೊಮ್ಮೆ ಕೂಡಿದ್ದನ್ನು ಕಂಡಿದ್ದೇನೆ. ತನಗೇ ಬಾರದ ಲೆಕ್ಕವನ್ನು ಗಿರಾಕಿಗೆ ಒಪ್ಪಿಸುವುದು ಮೋಸವೆಂದು ನಾನು ಹೇಳುತ್ತಿಲ್ಲ, ಆ ಹುಡುಗರಿಗೆ ಮೋಸ ಮಾಡುವ ಉದ್ದೇಶ ಇರುವುದಿಲ್ಲ. ಆದರೆ ಪರಿಣಾಮದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ.

ಅನುಭವವೇ ಎಲ್ಲವನ್ನೂ ಕಲಿಸುತ್ತದೆ ಎಂಬ ವಾದವನ್ನೂ ನಾನು ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ಅನುಭವ ಕೆಟ್ಟದ್ದನ್ನೂ ಅಷ್ಟೇ ಚೆನ್ನಾಗಿ ಕಲಿಸುತ್ತದೆ. ಒಳಗೆ ಕಾಲಿಟ್ಟವರ ಚಪ್ಪಲಿ, ಬಟ್ಟೆ ನೋಡಿ ಇವರು ಕೊಳ್ಳುವವರೋ ಸುಮ್ಮನೆ ನೋಡಿಹೋಗುವವರೋ ಎಂದು ಅಳೆಯುವ ಚಾಳಿ ಅನುಭವದಿಂದಲೇ ಬರುವಂಥದ್ದು. ಅಮೆರಿಕದ ಇಯಾನ್ ಏರ್ಸ್ ಎಂಬ ಕಾನೂನು ಪ್ರಾಧ್ಯಾಪಕರು ಷಿಕಾಗೊ ಪ್ರದೇಶದ ಶೋರೂಮುಗಳಿಗೆ ಒಂದೇ ರೀತಿ ಚೌಕಾಸಿ ಮಾಡುವಂತೆ ತರಬೇತಿ ಕೊಟ್ಟ ಜನರನ್ನು ಕಳುಹಿಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಳಿಯ ಗಂಡಸರಿಗೆ ಹೇಳಿದ ಬೆಲೆಗಿಂತ ಹೆಂಗಸರಿಗೂ ಕಪ್ಪು ಜನರಿಗೂ ಹೆಚ್ಚಿನ ಬೆಲೆ ಹೇಳಿದ್ದು ಕಂಡುಬಂತು. ಆ ಬೆಲೆ ಹೇಳಿದವರೆಲ್ಲ ಹೊಸಬರಾಗಿದ್ದರೆಂದು ನಾನು ನಂಬಲಾರೆ.

ಇನ್ನು ತರಬೇತಿ ತರಗತಿಗಳಲ್ಲಿ ತಪ್ಪದೆ ಬರುವ ಹೆಸರು ಡೆಟ್ರಾಯಿಟ್‌ನ ಜೋ ಜಿರಾರ್ಡ್ ಅವರದು. 1963ರಿಂದ 1978ರವರೆಗೆ 13,001 ಕಾರುಗಳನ್ನು, 1973ರ ಒಂದೇ ವರ್ಷದಲ್ಲಿ 1,425 ಕಾರುಗಳನ್ನು ಮಾರಿ ಅವರು ದಾಖಲೆ ಮಾಡಿದ್ದರು. ಈ ಅಂಕಿಗಳನ್ನು ಗೋಡೆಗೆ ಅಂಟಿಸಿ ಹುಡುಗರನ್ನು ಹುರಿದುಂಬಿಸುವುದು ಸುಲಭ. ಅವರು ತಮ್ಮ ಗಿರಾಕಿಗಳಿಗೆಲ್ಲ ತಿಂಗಳಿಗೊಂದರಂತೆ ಕಾರ್ಡು ಕಳುಹಿಸುತ್ತಿದ್ದರು, ಅಂದರೆ ಕಾರು ಕೊಟ್ಟ ಮೇಲೂ ಸಂಬಂಧ ಉಳಿಸಿಕೊಳ್ಳುತ್ತಿದ್ದರು ಎಂಬ ಭಾಗವನ್ನು ಮಾತ್ರ ಅವಸರದಲ್ಲಿ ದಾಟಿಸಿಬಿಡುತ್ತೇವೆ. ತಿಂಗಳ ಕೊನೆಯ ಟಾರ್ಗೆಟ್ ತಲೆಯ ಮೇಲೆ ತೂಗುತ್ತಿರುವವನಿಗೆ ಕಳೆದ ತಿಂಗಳ ಗಿರಾಕಿಗೆ ಫೋನ್ ಮಾಡಲು ಪುರುಸೊತ್ತೆಲ್ಲಿ?

ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಶೋರೂಮುಗಳ ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟು. ಹೊಸಬರಿಗೆ ಮೊದಲ ಮೂರು ತಿಂಗಳು ಟಾರ್ಗೆಟ್ ಬೇಡ. ಕಮಿಷನ್ ಇಲ್ಲದೆಯೂ ಬದುಕುವಷ್ಟು ಸಂಬಳ ಕೊಡಿ. ಅದರಲ್ಲಿ ಒಂದು ತಿಂಗಳು ಅವರನ್ನು ಸರ್ವಿಸ್ ಅಡ್ವೈಸರ್ ಪಕ್ಕದಲ್ಲಿ ಕೂರಿಸಿ, ದೂರು ಹೊತ್ತು ಬರುವವರ ಮಾತನ್ನು ಮರುಮಾತಿಲ್ಲದೆ ಕೇಳಲಿ. ಉಳಿದ ದಿನಗಳಲ್ಲಿ ಹಿರಿಯರೊಬ್ಬರ ಜೊತೆ ನಿಂತು ನೋಡಲಿ, ಆ ಹಿರಿಯರಿಗೂ ಕಲಿಸಿದ್ದಕ್ಕೆ ಪ್ರತ್ಯೇಕ ಹಣ ಸಿಗಲಿ. ಇಲ್ಲದಿದ್ದರೆ ತನ್ನ ಗಿರಾಕಿಯನ್ನು ಕಸಿದುಕೊಳ್ಳಬಹುದಾದ ಹುಡುಗನಿಗೆ ಯಾರು ತಾನೇ ಮನಸ್ಸಿಟ್ಟು ಕಲಿಸುತ್ತಾರೆ? ಮೂರು ತಿಂಗಳ ಸಂಬಳ ದಂಡ ಎನ್ನುವ ಮಾಲೀಕರು, ಟಾರ್ಗೆಟ್ ಮುಟ್ಟಲಾಗದೆ ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟುಹೋಗುವವರ ತರಬೇತಿಗೆ ತಾವು ಸುರಿದ ಹಣವನ್ನೂ ಒಮ್ಮೆ ಕೂಡಿ ನೋಡಬೇಕು.

ಕೆಲಸಕ್ಕೆ ಹೊರಟಿರುವ ಯುವಜನರು ಸಂದರ್ಶನದಲ್ಲಿ ಕಮಿಷನ್ ಎಷ್ಟೆಂದು ಕೇಳುವ ಮೊದಲು, ಸರ್ವಿಸ್ ವಿಭಾಗದಲ್ಲಿ ತಮ್ಮನ್ನು ಎಷ್ಟು ದಿನ ಕೂರಿಸುತ್ತೀರಿ ಎಂದು ಕೇಳಲಿ. ಉತ್ತರ ಕೊಡುವವರ ಮುಖ ನೋಡಿದರೆ ಆ ಶೋರೂಮ್ ಎಂಥದ್ದೆಂದು ತಿಳಿದುಬಿಡುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಾರು ಮಾರಾಟಗಾರ