ಮೋತಿ ಸರ್ಕಲ್ ಹತ್ತಿರ ಸಿಕ್ಕ ಅಣ್ಣನಿಗೆ

ಅಣ್ಣಾ, ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳೋದನ್ನೇ ಮರೆತೆ. ಹೋದ ಶನಿವಾರ ಬಳ್ಳಾರಿಯ ಮೋತಿ ಸರ್ಕಲ್ ಹತ್ತಿರ ಬಾನೆಟ್ ಎತ್ತಿ ನಿಂತಿದ್ದ ಬಿಳಿ ಮಾರುತಿ 800 ನಮ್ಮದು.

ಅಪ್ಪನ ಕಾರದು. ಎಂಜಿನ್ ಬದಲಾಯಿಸಿದ ಮೇಲೆ ಮೂರು ವಾರ ಕಾಡಿಸಿತ್ತು. ಬ್ಯಾಟರಿ ಹೊಸದು, ಆದರೂ ಸೆಲ್ಫ್ ಹೊಡೆದರೆ ಎಂಜಿನ್ ಸುಮ್ನೆ ಮುಲುಗುತ್ತಿತ್ತು. ಇಬ್ಬರು ಮೆಕ್ಯಾನಿಕ್‌ಗಳು ಸ್ಟಾರ್ಟರ್ ಮೋಟಾರೇ ಹೋಗಿದೆ ಅಂದಿದ್ದರು.

ನೀವು ಮಾತ್ರ ಮೊದಲು ಆಕ್ಸಿಲರೇಟರ್ ಕೇಬಲ್ ಮುಟ್ಟಿ ನೋಡಿದಿರಿ. ಬಿಸಿಯಾಗಿತ್ತು! ಆಮೇಲೆ ವೋಲ್ಟೇಜ್ ಅಳೆಯೋ ಮಲ್ಟಿಮೀಟರ್‌ನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ ಇಟ್ಟು ಸೆಲ್ಫ್ ಹೊಡೆಸಿದಿರಿ. ಅರ್ಧ ವೋಲ್ಟ್ ಒಳಗೆ ಇರಬೇಕಾದ್ದು 3 ತೋರಿಸಿತು. ಎಂಜಿನ್ ಇಳಿಸುವಾಗ ಬಿಚ್ಚಿದ ಅರ್ಥ್ ಪಟ್ಟಿಯನ್ನು, ಅಂದರೆ ಎಂಜಿನ್‌ನಿಂದ ಬಾಡಿಗೆ ಕರೆಂಟ್ ಮರಳುವ ದಪ್ಪ ವೈರನ್ನು, ಯಾರೂ ವಾಪಸ್ ಹಾಕಿರಲಿಲ್ಲ. ಅದಕ್ಕೇ ಸ್ಟಾರ್ಟರ್ ಕರೆಂಟೆಲ್ಲ ಆ ಸಣ್ಣ ಆಕ್ಸಿಲರೇಟರ್ ಕೇಬಲ್ ಹಿಡಿದು ಬ್ಯಾಟರಿಗೆ ಮರಳುತ್ತಿತ್ತು.

ಆ ಬಿಸಿಲಲ್ಲಿ ಕೂತು, ಬಾಡಿಯ ಬಣ್ಣವನ್ನು ಬರೀ ಲೋಹ ಕಾಣುವ ತನಕ ಉಜ್ಜಿ, ದಪ್ಪ ವೈರಿನ ತುದಿಗೆ ಲಗ್ (ಬೋಲ್ಟಿಗೆ ಸಿಕ್ಕಿಸೋ ಲೋಹದ ಬಳೆ) ಹಾಕಿ ಬಿಗಿದಿರಿ. ಒಂದೇ ಸೆಲ್ಫ್‌ಗೆ ಸ್ಟಾರ್ಟ್! ದುಡ್ಡು ಕೊಡಲು ಬಂದರೆ, "ಇದಕ್ಕೆಲ್ಲ ದುಡ್ಯಾಕಪ್ಪಾ, ಮೊದಲು ಆ ಕೇಬಲ್ ಬದಲಾಯಿಸು, ಸಿಕ್ಕಿಕೊಂಡರೆ ಅಪಾಯ" ಅಂದು ಹೊರಟೇಬಿಟ್ಟಿರಿ.

ಕೇಬಲ್ ಬದಲಾಯಿಸಿದೆ ಅಣ್ಣಾ. ನಿನ್ನೆ ಅಪ್ಪ ತಾವೇ ಓಡಿಸಿಕೊಂಡು ಸಿರುಗುಪ್ಪಕ್ಕೆ ಹೋಗಿಬಂದರು. ನಿಮಗೆ ತುಂಬಾ ತುಂಬಾ ಧನ್ಯವಾದ.