ಗ್ರೂಪ್‌ನಲ್ಲಿ ಮೈಲೇಜ್ ಹಾಕೋ ಮುಂಚೆ ಓದಿ

ಎಲ್ರಿಗೂ ನಮಸ್ಕಾರ. ಮೀಟರ್ ತೋರಿಸೋ ಮೈಲೇಜ್ ಫೋಟೋ ಹಾಕ್ಬೇಡಿ, ಸುಮ್ನೆ ಜಗಳ ಆಗುತ್ತೆ. ಬದಲಿಗೆ ಹೀಗೆ ಲೆಕ್ಕ ಹಾಕಿ: ಬಂಕ್‌ನಲ್ಲಿ ಆಟೋ ಕಟ್ ಆಗೋವರೆಗೆ (ಪೈಪ್ ತಾನಾಗೇ ನಿಲ್ಲೋವರೆಗೆ) ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲಾನೂ ಅದೇ ಬಂಕ್, ಮತ್ತೆ ಕಟ್ ಆಗೋವರೆಗೆ. ಓಡಿದ ಕಿಲೋಮೀಟರನ್ನ ಈ ಎರಡನೇ ಸಲ ಹಾಕಿಸಿದ ಲೀಟರ್‌ನಿಂದ ಭಾಗಿಸಿ, ಅಷ್ಟೇ.

ನನ್ನ ಕಾರು ಹ್ಯುಂಡೈ ಐ20 ಎನ್ ಲೈನ್, 1.0 ಟರ್ಬೊ: 412 ಕಿ.ಮೀ.ಗೆ 28.6 ಲೀಟರ್, ಅಂದ್ರೆ ಲೀಟರ್‌ಗೆ 14.4 ಕಿ.ಮೀ. ಮೀಟರ್ ಮಾತ್ರ 15.9 ಅಂತಿತ್ತು! ಹೆಬ್ಬಾಳದಿಂದ ಚಿಕ್ಕಬಳ್ಳಾಪುರಕ್ಕೆ ಹೈವೇಲಿ 80ರಲ್ಲಿ ಬಂದ್ರೆ 18 ಸಿಗುತ್ತೆ. ನಂದಿ ಬೆಟ್ಟಕ್ಕೆ ಎರಡನೇ ಗೇರ್‌ನಲ್ಲಿ ಹತ್ತಿಸಿದ್ರೆ 7. ಆ ತಿರುವುಗಳಿಗೋಸ್ಕರಾನೇ ತಗೊಂಡಿದ್ದು, ಬಿಡಿ.

20% ಎಥೆನಾಲ್ ಇರೋ ಪೆಟ್ರೋಲ್‌ನಲ್ಲಿ ಶಕ್ತಿನೇ ಕಮ್ಮಿ, ಹಳೇ ಅಂಕಿ ಜೊತೆ ಹೋಲಿಸ್ಬೇಡಿ. ಭಾನುವಾರ ಡ್ರೈವ್‌ಗೆ ಬರೋರು ಟೈರ್ ತಣ್ಣಗಿರುವಾಗಲೇ ಗಾಳಿ ಚೆಕ್ ಮಾಡಿಸಿ.