ಕಾಗೆಗೆ ಮರಸು ಕೂತ ಬೆಳಗು

ಗೆಳೆಯಾ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಅಪ್ಪಯ್ಯನ ವರ್ಷಾಂತಿಕದ ದಿನ ಎಡೆ ಇಟ್ಟು ಮಧ್ಯಾಹ್ನ ಎರಡು ಗಂಟೆಯವರೆಗೆ ಕಾದರೂ ಕಾಗೆ ಮುಟ್ಟಲಿಲ್ಲ, ಕೊನೆಗೆ ದನಕ್ಕೆ ಹಾಕಿದೆವು, ಅಮ್ಮ ಅಂದೆಲ್ಲ ಸರಿಯಾಗಿ ಊಟ ಮಾಡಲಿಲ್ಲ ಎಂದು ಬರೆದಿದ್ದೆ. ಜೊತೆಗೆ ಕಳಿಸಿದ ಫೋಟೋವನ್ನು ಮತ್ತೆ ಮತ್ತೆ ನೋಡಿದೆ. ಕಾಂಪೌಂಡ್ ಗೋಡೆಯ ಮೇಲೆ ಸ್ಟೀಲ್ ತಟ್ಟೆ, ಅದರ ಮೇಲೆ ಬಾಳೆಲೆ, ಕೆಳಗೆ ಅಂಗಳದಲ್ಲಿ ನೀವು ಐದಾರು ಜನ ಕತ್ತೆತ್ತಿ ನಿಂತಿದ್ದೀರಿ. "ನಿಮ್ಮಲ್ಲಿ ಕಾಗೆ ಇದೆಯಾ?" ಎಂದು ಕೊನೆಯ ಸಾಲಿನಲ್ಲಿ ಕೇಳಿದ್ದೆ. ಇದೆ. ಆ ಕಾಗೆಗಳ ಜೊತೆ ನಾನು ಕಳೆದ ಒಂದು ಬೆಳಗಿನ ಕಥೆಯನ್ನು ನಿನಗೆ ಹೇಳದೆ ಇರಲಾರೆ. ಓದುವಾಗ ನಿನಗೆ ನೋವಾಗಬಹುದು, ಆದರೂ ಪೂರ್ತಿ ಓದು.

ಅಮೆರಿಕದ ಇಲಿನಾಯ್‌ನ ಈ ಭಾಗದಲ್ಲಿ ಊರು ಮುಗಿದ ಕೂಡಲೇ ಹೊಲ. ಒಂದು ವರ್ಷ ಮೆಕ್ಕೆಜೋಳ, ಮರುವರ್ಷ ಸೋಯಾ. ಚಳಿಗಾಲದಲ್ಲಿ ಕಟಾವಾದ ಜೋಳದ ಕೂಳೆ ಮಾತ್ರ ಉಳಿದಿರುತ್ತದೆ, ಕಟಾವು ಯಂತ್ರ ಉದುರಿಸಿದ ಕಾಳು ಅಲ್ಲಲ್ಲಿ ಬಿದ್ದಿರುತ್ತದೆ. ಆ ಕಾಳಿಗೆ ಕಾಗೆಗಳು ಬರುತ್ತವೆ. ರಾತ್ರಿ ಊರಿನ ಮರಗಳಲ್ಲಿ ಸಾವಿರಗಟ್ಟಲೆ ಒಟ್ಟಾಗಿ ತಂಗಿ, ಬೆಳಕು ಹರಿಯುವ ಮೊದಲೇ ಗುಂಪು ಗುಂಪಾಗಿ ಹೊಲಗಳಿಗೆ ಹೊರಡುತ್ತವೆ. ನಮ್ಮ ಊರುಕಾಗೆಯಂತೆ ಕುತ್ತಿಗೆಗೆ ಬೂದು ಬಣ್ಣವಿಲ್ಲ, ಮೈಯೆಲ್ಲ ಕಪ್ಪು. ನಮ್ಮ ಕಾಡುಕಾಗೆಯನ್ನು ನೆನೆಸಿಕೋ, ಆದರೆ ಕೊಕ್ಕು ಅಷ್ಟು ದಪ್ಪವಿಲ್ಲ.

ನಮ್ಮ ರಸ್ತೆಯ ಕೊನೆಯಲ್ಲಿ ಒಬ್ಬ ಹಿರಿಯ ರೈತರಿದ್ದಾರೆ. ಎಪ್ಪತ್ತು ದಾಟಿದ ವಯಸ್ಸು. ನಾವು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಕೇಳದೆಯೇ ನಮ್ಮ ಮನೆ ಮುಂದಿನ ಹಿಮ ತೆಗೆದುಕೊಟ್ಟವರು. ಫೆಬ್ರವರಿಯ ಒಂದು ಶನಿವಾರ "ಕಾಗೆ ಹೊಡೆಯಲು ಹೋಗುತ್ತಿದ್ದೇನೆ, ಬರುತ್ತೀಯಾ?" ಎಂದು ಕರೆದರು. ನನ್ನ ಬಳಿ ಪರವಾನಗಿಯೂ ಇಲ್ಲ, ಕೋವಿಯೂ ಇಲ್ಲ. ನೋಡಲು ಹೋದೆ.

ನಿನ್ನ ಅಜ್ಜ ಹಂದಿಗೆ ಮರಸು ಕೂರುತ್ತಿದ್ದ, ಅಂದರೆ ಮರೆಯಲ್ಲಿ ಅಡಗಿ ಕಾಯುತ್ತಿದ್ದ ಕಥೆಗಳನ್ನು ನಿಮ್ಮ ಮನೆಯ ಜಗಲಿಯಲ್ಲಿ ಎಷ್ಟು ಸಲ ಕೇಳಿದ್ದೇವೆ! ಬಗನಿ ಮರದ ಮೇಲೆ ಅಟ್ಟಣೆ, ಕೆಮ್ಮು ಬಂದರೆ ಕಂಬಳಿ ಕಚ್ಚಿ ತಡೆದುಕೊಳ್ಳುವುದು. ಇಲ್ಲಿನ ಮರಸು ಹೆಗಲ ಮೇಲೆ ಹೊತ್ತು ಒಯ್ಯುವಂಥದ್ದು. ನಾಲ್ಕೈದು ಕಬ್ಬಿಣದ ಸರಳು, ಒಣ ಜೋಳದ ದಂಟಿನ ಬಣ್ಣದ ಬಲೆಬಟ್ಟೆ, ಅಷ್ಟೆ. ಬೇಲಿಸಾಲಿನ ಮರಗಳಿಗೆ ಒತ್ತಿಕೊಂಡು ಸರಳುಗಳನ್ನು ಹೂತು ಬಟ್ಟೆ ಸುತ್ತಿ, ಸುತ್ತಲಿನ ಒಣಹುಲ್ಲನ್ನೇ ಕಿತ್ತು ಬಲೆಯ ಕಣ್ಣುಗಳಿಗೆ ಸಿಕ್ಕಿಸಿದರು. ಹತ್ತು ನಿಮಿಷದಲ್ಲಿ ಬೇಲಿಗೂ ಅದಕ್ಕೂ ವ್ಯತ್ಯಾಸ ತಿಳಿಯದಂತಾಯಿತು. ಮೇಲೆ ಮಾತ್ರ ಮುಚ್ಚಿಗೆಯಿಲ್ಲ, ಹಕ್ಕಿ ಬರುವುದು ಮೇಲಿನಿಂದ ತಾನೇ.

ಒಳಗೆ ಕೂತ ಮೇಲೆ ನನ್ನ ಮುಖಕ್ಕೆ ಪರದೆ ಕಟ್ಟಿಸಿದರು. ಕೈಗಡಿಯಾರ ಬಿಚ್ಚಿಸಿದರು. ಕನ್ನಡಕ ತೆಗೆಯಲಾಗದು ಎಂದಾಗ ಟೋಪಿಯನ್ನು ಹುಬ್ಬಿನವರೆಗೆ ಎಳೆದು, "ಹಕ್ಕಿ ತಲೆಯ ಮೇಲೆ ಬಂದಾಗ ಮುಖ ಎತ್ತಬೇಡ. ಕಾಗೆ ಬೇರೆ ಏನನ್ನು ನೋಡದಿದ್ದರೂ ತನ್ನನ್ನು ನೋಡುವ ಮುಖವನ್ನು ನೋಡುತ್ತದೆ" ಎಂದರು. ಅದು ಬರೀ ಬೇಟೆಗಾರರ ನಂಬಿಕೆಯೂ ಅಲ್ಲ. ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ಎಂಬ ವಿಜ್ಞಾನಿ 2006ರಲ್ಲಿ ತಮ್ಮ ತಂಡದೊಂದಿಗೆ ಆದಿಮಾನವನ ಮುಖವಾಡ ಹಾಕಿಕೊಂಡು ಕ್ಯಾಂಪಸ್ಸಿನ 7 ಕಾಗೆಗಳನ್ನು ಹಿಡಿದು, ಗುರುತಿನ ಬಳೆ ತೊಡಿಸಿ ಬಿಟ್ಟರು. ವರ್ಷಗಳ ನಂತರವೂ ಆ ಮುಖವಾಡ ಕಂಡರೆ ಕಾಗೆಗಳು ಕೂಗಿ ಮೇಲೆರಗುತ್ತಿದ್ದವು. ಎಂದೂ ಸಿಕ್ಕಿಬೀಳದ ಕಾಗೆಗಳೂ ಆ ಬೈಗುಳದಲ್ಲಿ ಸೇರಿಕೊಂಡಿದ್ದವು.

ಹೊಲದಲ್ಲಿ ಹತ್ತು ಪ್ಲಾಸ್ಟಿಕ್ ಕಾಗೆಗಳನ್ನು ಚದುರಿಸಿದರು. ನಡುವೆ ಆಳೆತ್ತರದ ಕೋಲಿನ ತುದಿಗೆ ಒಂದು ಪ್ಲಾಸ್ಟಿಕ್ ಗೂಬೆ. ಇಲ್ಲಿನ ಕೊಂಬಿನ ಗೂಬೆ ರಾತ್ರಿ ಹೊತ್ತು ಮಲಗಿದ ಕಾಗೆಗಳನ್ನು, ಗೂಡಿನ ಮರಿಗಳನ್ನು ಹೊತ್ತೊಯ್ಯುತ್ತದೆ. ಹಗಲಲ್ಲಿ ಅದು ಕಣ್ಣಿಗೆ ಬಿದ್ದರೆ ಕಾಗೆಗಳು ಕುಲವನ್ನೆಲ್ಲ ಕೂಗಿ ಕರೆದು ಓಡಿಸುತ್ತವೆ.

ನಂತರ ಜೇಬಿನಿಂದ ಬೆರಳುದ್ದದ ಮರದ ಪೀಪಿ ತೆಗೆದು ಊದಿದರು. ಎಂಥ ದನಿ ಗೊತ್ತೇ? ಸುಮ್ಮನೆ "ಕಾ ಕಾ" ಅಲ್ಲ, ಜೀವಕ್ಕೆ ಬಂದಾಗ ಕೂಗುವ ದನಿ. ಕರ್ಕಶವಾಗಿ, ಉಸಿರು ಬಿಡದೆ, ಮೇಲಿಂದ ಮೇಲೆ. ಮೊದಲು ಒಂದೇ ಕಾಗೆ ಬಂತು, ಎತ್ತರದಲ್ಲಿ ಒಂದು ಸುತ್ತು ಹಾಕಿತು. ಅದು ಕೂಗಿದ್ದೇ ತಡ, ದೂರದ ಮರಗಳಿಂದ ಇಪ್ಪತ್ತು ಮೂವತ್ತು ಕಾಗೆಗಳು ನೇರವಾಗಿ ಗೂಬೆಯತ್ತ ನುಗ್ಗಿದವು. ರೆಕ್ಕೆಯ ಗಾಳಿ ಬಟ್ಟೆಯ ಮೇಲೆ ಸುಯ್ಯೆಂದಿತು. ಎರಡು ಈಡು. ಎರಡು ಕಾಗೆ ಕೂಳೆಯ ಮೇಲೆ ಬಿದ್ದವು.

ಉಳಿದವು ಚದುರಿದವು. ಅವರು ಮತ್ತೆ ಊದಿದರು, ಈ ಸಲ ಬೇರೆ ರಾಗ, ಗಾಯಗೊಂಡ ಕಾಗೆಯ ನರಳಿಕೆಯಂತೆ. ಕಾಗೆಗಳು ಹಿಂದಿರುಗಿ ಬಂದವು. ಬಿದ್ದವರ ಮೇಲೆ ಸುತ್ತತೊಡಗಿದವು.

ಗೆಳೆಯಾ, ಆಗ ನನ್ನ ಹೊಟ್ಟೆಯೊಳಗೆ ಏನೋ ಹಿಂಡಿದಂತಾಯಿತು. ಮೀನಿಗೆ ಎರೆಹುಳು, ಹಂದಿಗೆ ಗೆಣಸು, ಇಲಿಗೆ ಕೊಬ್ಬರಿ ಚೂರು. ಎಲ್ಲ ಕಡೆ ಬೇಟೆ ನಡೆಯುವುದು ಹಸಿವಿನ ಮೇಲೆ. ಇಲ್ಲಿ ಹಸಿವಿನ ಮಾತೇ ಇಲ್ಲ. ತನ್ನವರು ಕಷ್ಟದಲ್ಲಿದ್ದಾರೆ ಎಂದು ಕೇಳಿ ಓಡಿ ಬಂದ ಹಕ್ಕಿಯನ್ನು, ಓಡಿ ಬಂದದ್ದಕ್ಕಾಗಿಯೇ ಹೊಡೆಯುವುದು. ಒಂದು ಅಗುಳು ಕಂಡರೂ ಬಳಗವನ್ನು ಕರೆಯುತ್ತದೆ ಎಂದು ಶಾಲೆಯಲ್ಲಿ ಒಟ್ಟಿಗೆ ಬಾಯಿಪಾಠ ಮಾಡಿದವರು ನಾವು. ಕರೆದಾಗ ಬಳಗ ಹೇಗೆ ಬರುತ್ತದೆ ಎಂಬುದನ್ನು ನಾನು ಅಂದೇ ನೋಡಿದ್ದು.

ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ತಪ್ಪಿಸಿಕೊಂಡವು ಆ ಜಾಗವನ್ನು ಮರೆಯುವುದಿಲ್ಲವಂತೆ, ಅದಕ್ಕೇ ಒಂದೇ ಹೊಲದಲ್ಲಿ ವಾರಗಟ್ಟಲೆ ಮತ್ತೆ ಕೂರುವುದಿಲ್ಲ. ಬಿದ್ದ ಏಳನ್ನು ನಾವಿಬ್ಬರೂ ಹೆಕ್ಕಿದೆವು. ಒಂದನ್ನು ಕೈಯಲ್ಲಿ ಹಿಡಿದೆ, ಇನ್ನೂ ಬಿಸಿಯಿತ್ತು. ಕಪ್ಪು ಎಂದುಕೊಂಡ ಗರಿಯಲ್ಲಿ ಬಿಸಿಲು ಬಿದ್ದ ಕಡೆಯೆಲ್ಲ ನೇರಳೆ ಹೊಳಪು, ಕೊಕ್ಕಿನ ಬುಡದಲ್ಲಿ ಮೂಗಿನ ಹೊಳ್ಳೆ ಮುಚ್ಚುವ ಒರಟು ಕೂದಲಿನಂಥ ಪುಕ್ಕ. ತಿನ್ನುತ್ತೀರಾ ಎಂದು ಕೇಳಿದೆ. ಇಲ್ಲ ಎಂದರು. ಬೇಲಿಯ ಬದಿಯಲ್ಲಿ ಗುಂಡಿ ತೋಡಿ ಹೂತರು. ತಿನ್ನದ್ದನ್ನು ಹೊಡೆಯಬಾರದು ಎಂಬ ನಿನ್ನ ಅಜ್ಜನ ಮಾತು ನೆನಪಾಯಿತು. ಬಾಯಿಗೆ ಬಂದರೂ ನಾನು ಆಡಲಿಲ್ಲ.

ಅವರನ್ನು ಕ್ರೂರಿ ಎಂದುಕೊಳ್ಳಬೇಡ. ಮೇ ತಿಂಗಳಲ್ಲಿ ಮೊಳಕೆಯೊಡೆದ ಜೋಳದ ಸಸಿಯನ್ನು ಕಾಗೆಗಳು ಸಾಲುಸಾಲಾಗಿ ಕಿತ್ತು ಬುಡದ ಕಾಳು ತಿನ್ನುವುದನ್ನು ಅವರು ಐವತ್ತು ವರ್ಷ ಕಂಡಿದ್ದಾರೆ. ಆದರೆ ಬೇಟೆಯ ಋತು ಇರುವುದು ಚಳಿಗಾಲದಲ್ಲಿ. ಕಾಗೆಗಳು ಹೆಚ್ಚಾಗಿ ಗೂಡು ಕಟ್ಟುವ ಕಾಲದಲ್ಲಿ ಬೇಟೆ ಕೂಡದು, ವರ್ಷಕ್ಕೆ 124 ದಿನ ಮೀರಕೂಡದು ಎಂಬುದು ಇಲ್ಲಿನ ಕೇಂದ್ರ ಸರ್ಕಾರದ ನಿಯಮ. ಫೆಬ್ರವರಿಯ ಕಾಗೆ ತಿನ್ನುವುದು ಯಾರಿಗೂ ಬೇಡದ ಉದುರುಕಾಳನ್ನು. ಬೆಳೆ ಉಳಿಸಲು ಹೊಡೆಯುತ್ತೇವೆ ಎಂಬ ಮಾತನ್ನು ನಾನು ಒಪ್ಪಲಾರೆ, ಅವರಿಗೆ ಹಾಗೆಂದು ಹೇಳಿದೆ ಕೂಡ. ಸ್ವಲ್ಪ ಹೊತ್ತು ಸುಮ್ಮನಿದ್ದು "ಅಪ್ಪನ ಜೊತೆ ಬರುತ್ತಿದ್ದೆ" ಎಂದಷ್ಟೇ ಹೇಳಿದರು.

ಮನೆಗೆ ಬಂದು ಕಾನೂನನ್ನು ಹುಡುಕಿ ಓದಿದೆ. ಅಮೆರಿಕದಲ್ಲಿ ಕಾಗೆಗೆ ವಲಸೆ ಹಕ್ಕಿಗಳ ಕಾಯ್ದೆಯ ರಕ್ಷಣೆ ಸಿಕ್ಕಿದ್ದು 1972ರಲ್ಲಿ, ಮೆಕ್ಸಿಕೊ ಜೊತೆಗಿನ ಒಪ್ಪಂದದ ತಿದ್ದುಪಡಿಯಿಂದ. ಅದೇ 1972ರಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ನಿನ್ನ ಅಜ್ಜನ ಮರಸಿಗೆ ಕೊನೆ ಹಾಡಿದ ಆ ಕಾಯ್ದೆ ಕಾಗೆಯನ್ನು ಮಾತ್ರ ಇಲಿ, ಬಾವಲಿಗಳ ಜೊತೆ ಐದನೆಯ ಅನುಸೂಚಿಯಲ್ಲಿ, ಉಪದ್ರವಿಗಳ ಸಾಲಿನಲ್ಲಿ ಇಟ್ಟಿತ್ತು. ಪಿತೃಗಳೆಂದು ಕರೆದು ಅನ್ನ ಇಡುವ ನಾಡಿನಲ್ಲಿ! 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು ಎಂದು ಓದಿ ನೆಮ್ಮದಿಯಾಯಿತು.

ಈಗ ನಿನ್ನ ಫೋಟೋದ ವಿಷಯಕ್ಕೆ ಬರುತ್ತೇನೆ. ಮುಂದಿನ ವರ್ಷ ಸ್ಟೀಲ್ ತಟ್ಟೆ ಬೇಡ, ಅದರ ಅಂಚು ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತಿದೆ. ಬರೀ ಬಾಳೆಲೆ ಇಡು. ನೀರು ಬಿಟ್ಟು ಕೈಮುಗಿದ ಮೇಲೆ ಎಲ್ಲರೂ ಒಳಗೆ ಹೋಗಿಬಿಡಿ. ಅಂಗಳದಲ್ಲಿ ನಿಂತು ಮೊಬೈಲ್ ಹಿಡಿದು ಮೇಲೆ ನೋಡುತ್ತಿದ್ದರೆ ಯಾವ ಕಾಗೆಯೂ ಇಳಿಯುವುದಿಲ್ಲ. ಅಮ್ಮ ಒಬ್ಬರೇ ಅಡುಗೆಮನೆಯ ಕಿಟಕಿಯ ಹಿಂದೆ, ಬೆಳಕಿಗೆ ಮುಖ ಕೊಡದೆ ಕೂರಲಿ. ಅಲ್ಲಿಂದಲೇ, ನಾವು ಚಿಕ್ಕವರಿದ್ದಾಗ ಕರೆಯುತ್ತಿದ್ದಂತೆ, ಮೆಲ್ಲಗೆ ಎರಡು ಸಲ "ಕಾ ಕಾ" ಎಂದು ಕರೆಯಲಿ. ಮೊದಲು ಬರುವುದು ಒಂದೇ. ಅದು ಸುತ್ತು ಹಾಕಿ ಹೋದರೂ ಎದ್ದು ಹೊರಗೆ ಬರಬೇಡಿ. ಉಳಿದವನ್ನು ಕರೆಯಲು ಹೋಗಿರುತ್ತದೆ.

ನಿನ್ನವ